ನೀಲಿ ಪುಡಿ, ನೆಲಬೇವು ಮತ್ತು ನೊಂದ ಕರುಳು

ಮಲದಲ್ಲಿ ರಕ್ತ ಕಂಡರೆ ಕೃಷ್ಣಾ, ಘಟಪ್ರಭಾ ಸೀಮೆಯಲ್ಲಿ ಮೊದಲು ಬರುವ ಮಾತು ಮೂಲವ್ಯಾಧಿ. ‘ಉಷ್ಣ ಆಗೇತಿ, ಖಾರ ಬಿಡು, ಮಜ್ಜಿಗಿ ಕುಡಿ’ ಎಂಬ ಸಲಹೆ ಮನೆಯಲ್ಲೇ ಸಿಗುತ್ತದೆ. ರಕ್ತದ ಜೊತೆ ಲೋಳೆಯೂ ಬಿದ್ದರೆ ಅದು ಆಮಶಂಕೆ. ಔಷಧಿ ಅಂಗಡಿಯಿಂದ ಮೆಟ್ರೊನಿಡಜೋಲ್ ಮಾತ್ರೆ ಬರುತ್ತದೆ, ನಾಲ್ಕು ದಿನ ಹೊಟ್ಟೆ ತಣ್ಣಗಾಗುತ್ತದೆ, ಮತ್ತೆ ಶುರುವಾಗುತ್ತದೆ. ಅಷ್ಟರಲ್ಲಿ ಯಾರೋ ಗೋಡೆಬರಹದ ವಿಳಾಸ ಹೇಳುತ್ತಾರೆ: ಮೂಲವ್ಯಾಧಿ, ಭಗಂದರಕ್ಕೆ ಗ್ಯಾರಂಟಿ ಚಿಕಿತ್ಸೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇದೇ ಮೂರು ಬಾಗಿಲುಗಳ ನಡುವೆ ಓಡಾಡುತ್ತ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ರಕ್ತ ಕಳೆದುಕೊಳ್ಳುವವರಲ್ಲಿ ಕೆಲವರಿಗೆ ಇರುವುದು ಈ ಮೂರೂ ಅಲ್ಲ. ಅವರದು ಕರುಳಿನ ದೀರ್ಘಕಾಲದ ಉರಿಯೂತ. ವೈದ್ಯರು ಚುಟುಕಾಗಿ ಐಬಿಡಿ ಎನ್ನುತ್ತಾರೆ.

ಇದರಲ್ಲಿ ಎರಡು ಮುಖ್ಯ ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರವನ್ನು ಹುಣ್ಣು ಮಾಡುತ್ತದೆ. ಗುದದ್ವಾರದ ಬಳಿಯಿಂದ ಆರಂಭವಾಗಿ ಬಿಡುವಿಲ್ಲದೆ ಮೇಲಕ್ಕೆ ಹಬ್ಬುತ್ತದೆ. ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ಇದನ್ನು ಸಾಂಕ್ರಾಮಿಕ ರಕ್ತಭೇದಿಗಿಂತ ಬೇರೆಯದೆಂದು ಗುರುತಿಸಿದ್ದ. ಇನ್ನೊಂದು ಕ್ರೋನ್ಸ್ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ವರ್ಣಿಸಿದ್ದು. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯನ್ನು ಪೂರ್ತಿ ಆಳಕ್ಕೆ ಕೊರೆಯಬಹುದು, ಕರುಳನ್ನು ಕಿರಿದಾಗಿಸಬಹುದು, ಭಗಂದರವನ್ನೂ ಮಾಡಬಹುದು. ಹಾಗಾಗಿ ಮತ್ತೆ ಮತ್ತೆ ಮರುಕಳಿಸುವ ಭಗಂದರ ಎಂದರೆ ಬರೀ ಭಗಂದರ ಎಂದು ತಿಳಿಯಬಾರದು. ಎರಡರಲ್ಲೂ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ವಿರುದ್ಧ ತಿರುಗಿರುತ್ತದೆ. ಬೇರುಸಹಿತ ಕಿತ್ತುಹಾಕುವ ಔಷಧ ಇಲ್ಲ. ವರ್ಷಾನುವರ್ಷ ಶಾಂತವಾಗಿ ಇಡುವ ಔಷಧಗಳಿವೆ.

ಇದು ದೊಡ್ಡ ನಗರಗಳ ಕಾಯಿಲೆ, ಜೋಳದ ರೊಟ್ಟಿ ತಿನ್ನುವವರಿಗೆ ಬರುವುದಿಲ್ಲ ಎಂಬ ನಂಬಿಕೆ ಕೆಲವು ಓದಿದವರಲ್ಲೂ ಇದೆ. ಲುಧಿಯಾನಾದ ಡಾ. ಅಜಿತ್ ಸೂದ್ ಮತ್ತು ಸಂಗಡಿಗರು ಪಂಜಾಬಿನಲ್ಲಿ ಮನೆಮನೆಗೆ ಹೋಗಿ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಲಕ್ಷಕ್ಕೆ 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಇತ್ತೀಚೆಗೆ ಹೈದರಾಬಾದಿನ ಎಐಜಿ ಆಸ್ಪತ್ರೆಯ ಡಾ. ರೂಪಾ ಬ್ಯಾನರ್ಜಿ ಅವರ ತಂಡ ಹೊಟ್ಟೆಯ ತೊಂದರೆ ಇದ್ದ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತು. ಹಳ್ಳಿಗೂ ಪಟ್ಟಣಕ್ಕೂ ಗಮನಾರ್ಹ ಅಂತರ ಕಾಣಲಿಲ್ಲ. ತೆಲಂಗಾಣದ ಹಳ್ಳಿಗಳಿಗೂ ನಮ್ಮ ಹಳ್ಳಿಗಳಿಗೂ ಊಟ, ಉಡುಗೆ, ನೀರು, ನೆಲದಲ್ಲಿ ಎಷ್ಟು ದೂರವಿದೆ?

ಈ ಕಾಯಿಲೆ ಬಂದವನ ದಿನವನ್ನು ಬನಹಟ್ಟಿಯ ಮಗ್ಗದ ಮನೆಯಲ್ಲಿ ನಿಂತು ಯೋಚಿಸಬೇಕು. ನೇಯ್ದ ಸೀರೆಯ ಲೆಕ್ಕದಲ್ಲಿ ಕೂಲಿ. ದಿನಕ್ಕೆ ಎಂಟು ಹತ್ತು ಸಲ, ತಡೆಯಲಾಗದ ಅವಸರದಲ್ಲಿ, ಮಗ್ಗ ನಿಲ್ಲಿಸಿ ಓಡಬೇಕು. ಕಬ್ಬಿನ ಹೊಲದಲ್ಲಿ ದುಡಿಯುವ ಹೆಣ್ಣುಮಗಳಿಗೆ ಓಡಲು ಜಾಗವೂ ಇಲ್ಲ. ಆಕೆ ಕಂಡುಕೊಳ್ಳುವ ದಾರಿ ಒಂದೇ: ಊಟ ಬಿಡುವುದು, ನೀರು ಕುಡಿಯದಿರುವುದು. ರಕ್ತಹೀನತೆ, ತೂಕ ಇಳಿಕೆ, ಸಂದುನೋವು ಒಂದರ ಮೇಲೊಂದು ಬರುತ್ತವೆ. ಹದಿಹರೆಯದಿಂದ ನಲವತ್ತರೊಳಗೆ, ದುಡಿಯುವ ಮತ್ತು ಮದುವೆಯ ವಯಸ್ಸಿನಲ್ಲೇ ಹೆಚ್ಚಾಗಿ ಬರುವ ಕಾಯಿಲೆಯಾದ್ದರಿಂದ ಅದನ್ನು ಮುಚ್ಚಿಡುವ ಒತ್ತಡವೂ ಅಷ್ಟೇ ದೊಡ್ಡದು.

ರೋಗ ಪತ್ತೆಗೆ ಈ ನಾಲ್ಕು ತಾಲ್ಲೂಕುಗಳ ಜನ ಹೋಗುವ ದಾರಿಗಳು ಹಳೆಯವು. ಜಮಖಂಡಿಯಂತೆಯೇ ಪಟವರ್ಧನರ ಸಂಸ್ಥಾನವಾಗಿದ್ದ ಮಿರಜಿನಲ್ಲಿ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದಾಗಿನಿಂದ ‘ಮಿರಜಿಗೆ ಒಯ್ದಾರ’ ಎಂದರೆ ಕಾಯಿಲೆ ಜೋರಾಗಿದೆ ಎಂದೇ ಅರ್ಥ. ಕುಡಚಿಗೆ ಹೋಗಿ ರೈಲು ಹತ್ತುವುದು ಈಗಲೂ ಇದೆ. ಬೆಳಗಾವಿಯ ಕೆಎಲ್ಇ ಆಸ್ಪತ್ರೆ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ, ಹುಬ್ಬಳ್ಳಿಯ ಕಿಮ್ಸ್ ಉಳಿದ ದಾರಿಗಳು. ಅಲ್ಲಿ ಮಾಡಬೇಕಾದ್ದು ಕೊಲೊನೋಸ್ಕೋಪಿ: ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯಿಂದ ಕರುಳನ್ನು ಒಳಗಿನಿಂದ ನೋಡಿ, ಚೂರು ಅಂಗಾಂಶ ತೆಗೆದು ಪರೀಕ್ಷೆಗೆ ಕಳಿಸುವುದು. ಅದಕ್ಕೂ ಮೊದಲು ಮಲಪರೀಕ್ಷೆಯಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಎಷ್ಟಿದೆ ಎಂದು ನೋಡಿದರೆ ಕರುಳಲ್ಲಿ ಉರಿಯೂತ ಇದೆಯೋ ಇಲ್ಲವೋ ಎಂಬ ಸುಳಿವು ಸಿಗುತ್ತದೆ.

ಪತ್ತೆ ಮಾಡುವುದು ನಮ್ಮ ದೇಶದಲ್ಲಿ ಯುರೋಪಿಗಿಂತ ಕಷ್ಟ. ಕಾರಣ ಕ್ಷಯ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಎರಡೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವನ್ನೇ ಇಷ್ಟಪಡುತ್ತವೆ; ನೋಡಲು ಒಂದೇ ರೀತಿ, ಲಕ್ಷಣಗಳೂ ಒಂದೇ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿರುವಾಗ ವೈದ್ಯರು ಮೊದಲು ಕ್ಷಯದ ಔಷಧ ಕೊಟ್ಟು ನೋಡುವುದು ಎಷ್ಟೋ ಸಲ ಅನಿವಾರ್ಯ. ಆದರೆ ಎರಡು ಮೂರು ತಿಂಗಳಲ್ಲಿ ಮತ್ತೆ ಕರುಳನ್ನು ನೋಡಿ ಹುಣ್ಣು ಮಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮಾಗಿರದಿದ್ದರೆ ಕ್ರೋನ್ಸ್ ಎಂದು ಯೋಚಿಸಬೇಕು. ನೀರಿನಿಂದ ಬರುವ ಅಮೀಬಾದ ಕೊಲೈಟಿಸ್ ಇನ್ನೊಂದು ಗೊಂದಲ. ಅಮೀಬಾ ಇದ್ದವರಿಗೆ ತಪ್ಪಾಗಿ ಸ್ಟೆರಾಯ್ಡ್ ಕೊಟ್ಟರೆ ಕರುಳು ತೂತು ಬೀಳುವಷ್ಟು ಅಪಾಯ. ಹಾಗಾಗಿ ಪರೀಕ್ಷೆ ಇಲ್ಲದ ಚಿಕಿತ್ಸೆ ಇಲ್ಲಿ ಎರಡೂ ಕಡೆಯಿಂದ ಕೊಯ್ಯುತ್ತದೆ.

ಔಷಧಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ‘ಇಂಗ್ಲಿಷ್ ಔಷಧ’ ಎಂದು ಒಂದೇ ಬುಟ್ಟಿಗೆ ಹಾಕುವಂಥದ್ದಲ್ಲ ಅದು. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ 1930ರ ದಶಕದ ಕೊನೆಗೆ ಸಂಧಿವಾತಕ್ಕೆಂದು ಸಲ್ಫಾಸಲಜೀನ್ ಎಂಬ ಔಷಧವನ್ನು ರೂಪಿಸಿದರು. ಅದು ಕೊಲೈಟಿಸ್ ಇದ್ದವರ ರಕ್ತ ನಿಲ್ಲಿಸಿತು. ಔಷಧದ ಯಾವ ಭಾಗ ಕೆಲಸ ಮಾಡುತ್ತದೆ ಎಂದು 1977ರಲ್ಲಿ ಆಕ್ಸ್‌ಫರ್ಡಿನಲ್ಲಿ ತೋರಿಸಿಕೊಟ್ಟ ತಂಡದ ಮೊದಲ ಹೆಸರು ಬಾಂಗ್ಲಾದೇಶದ ಎ.ಕೆ. ಆಜಾದ್ ಖಾನ್. ಸಲ್ಫಾಸಲಜೀನನ್ನು ಅದರ ಎರಡು ಹೋಳುಗಳಾಗಿ ಒಡೆದು ಬೇರೆಬೇರೆ ಎನಿಮಾ ಮಾಡಿ ರೋಗಿಗಳಿಗೆ ಕೊಟ್ಟು, ಗುಣ ಇರುವುದು ಇಂದು ಮೆಸಲಮೀನ್ ಎನ್ನುವ ಹೋಳಿನಲ್ಲಿ ಎಂದು ಅವರು ಕಂಡುಕೊಂಡರು. ಇವತ್ತಿಗೂ ಸೌಮ್ಯ ಮತ್ತು ಮಧ್ಯಮ ಅಲ್ಸರೇಟಿವ್ ಕೊಲೈಟಿಸ್‌ಗೆ ಮೊದಲ ಔಷಧ ಅದೇ. ರೋಗ ಕೆಳಭಾಗದಲ್ಲೇ ಇದ್ದರೆ ಬಾಯಿಂದ ನುಂಗುವುದಕ್ಕಿಂತ ಗುದದ್ವಾರದಲ್ಲಿ ಇಡುವ ಸಪಾಸಿಟರಿ, ಎನಿಮಾಗಳು ಚೆನ್ನಾಗಿ ಕೆಲಸ ಮಾಡುತ್ತವೆ. ನಾಚಿಕೆಯಿಂದ ಅದನ್ನು ಬಿಟ್ಟು ಮಾತ್ರೆ ಮಾತ್ರ ನುಂಗುವವರು ಬಹಳ. ಅಗ್ಗವಾದ ಸಲ್ಫಾಸಲಜೀನ್ ತೆಗೆದುಕೊಳ್ಳುವ ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗಬಹುದು. ಔಷಧ ಬದಲಿಸಿದರೆ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳಿದರೆ ಹೊಸದಾಗಿ ಮದುವೆಯಾದವನೊಬ್ಬ ಗಾಬರಿಯಿಂದ ಎಲ್ಲ ಚಿಕಿತ್ಸೆಯನ್ನೂ ನಿಲ್ಲಿಸುವುದು ತಪ್ಪುತ್ತದೆ.

ಸ್ಟೆರಾಯ್ಡ್‌ನ ಪುರಾವೆ 1955ರದು. ಟ್ರುಲವ್ ಮತ್ತು ವಿಟ್ಸ್ ಎಂಬ ವೈದ್ಯರು 210 ರೋಗಿಗಳಲ್ಲಿ ಕಾರ್ಟಿಸೋನ್ ಪರೀಕ್ಷಿಸಿದರು. ಔಷಧ ಪಡೆದವರಲ್ಲಿ ಶೇ 41, ಪಡೆಯದವರಲ್ಲಿ ಶೇ 16 ಮಂದಿಯ ರೋಗ ಶಮನವಾಯಿತು. ಜೀವ ಉಳಿಸುವ ಔಷಧ, ಸಂದೇಹವೇ ಇಲ್ಲ. ಆದರೆ ಸ್ಟೆರಾಯ್ಡ್ ಬೆಂಕಿ ಆರಿಸುವ ನೀರು. ಸುಟ್ಟ ಮನೆಯನ್ನು ಕಟ್ಟುವ ಗಾರೆಯಲ್ಲ. ಕೆಲವು ವಾರ ಕೊಟ್ಟು, ಹಂತಹಂತವಾಗಿ ಇಳಿಸಿ ನಿಲ್ಲಿಸಬೇಕು. ನಮ್ಮಲ್ಲಿ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಮೊದಮೊದಲು ಹಸಿವೆ ಚಿಗುರಿ ಮೈ ತುಂಬಿಕೊಂಡಂತೆ ಕಾಣುವುದರಿಂದ ‘ಔಷಧ ಹತ್ತೇತಿ’ ಎಂದು ಮನೆಯವರು ಖುಷಿಪಡುತ್ತಾರೆ.

ಸ್ಟೆರಾಯ್ಡ್ ಬಿಡಿಸಲು ಅಜಥಯೋಪ್ರಿನ್ ಬರುತ್ತದೆ. ಏಷ್ಯನ್ನರಾದ ನಮ್ಮಲ್ಲಿ ಕೆಲವರಿಗೆ ಎನ್‌ಯುಡಿಟಿ15 ಎಂಬ ವಂಶವಾಹಿಯ ವ್ಯತ್ಯಾಸದಿಂದ ಈ ಔಷಧ ಬಿಳಿ ರಕ್ತಕಣಗಳನ್ನು ಅಪಾಯಕಾರಿಯಾಗಿ ಇಳಿಸುತ್ತದೆ. ಔಷಧ ಶುರುವಾದ ಕೆಲವೇ ವಾರಗಳಲ್ಲಿ ತಲೆಗೂದಲು ಉದುರಿ ಹೋಗುವುದು ಅದರ ಮುನ್ಸೂಚನೆ. ಮೊದಲ ತಿಂಗಳುಗಳ ರಕ್ತಪರೀಕ್ಷೆ ಅದಕ್ಕೇ. ದುಡ್ಡು ಉಳಿಸಲು ಅದನ್ನು ತಪ್ಪಿಸಬಾರದು.

ನಂತರದ್ದು ಜೈವಿಕ ಔಷಧಗಳ ಕಾಲ. ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಕ್ರೋನ್ಸ್ ಕಾಯಿಲೆಗೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ, ಅಲ್ಸರೇಟಿವ್ ಕೊಲೈಟಿಸ್‌ಗೆ 2005ರಲ್ಲಿ. ಅದೇ ಬಳಗದ ಅಡಾಲಿಮುಮ್ಯಾಬ್‌ನ ಮೊದಲ ಅಗ್ಗದ ಪ್ರತಿರೂಪವನ್ನು 2014ರಲ್ಲಿ ಮಾರುಕಟ್ಟೆಗೆ ತಂದದ್ದು ಅಹಮದಾಬಾದಿನ ಝೈಡಸ್ ಕಂಪನಿ. 2018ರಲ್ಲಿ ಕೊಲೈಟಿಸ್‌ಗೆ ಒಪ್ಪಿಗೆ ಪಡೆದ ಟೋಫಾಸಿಟಿನಿಬ್ ನುಂಗುವ ಮಾತ್ರೆ. ತಣ್ಣನೆಯ ಪೆಟ್ಟಿಗೆಯಲ್ಲಿ ಇಂಜೆಕ್ಷನ್ ಸಾಗಿಸುವ ಗೋಜಿಲ್ಲ. ಇವೆಲ್ಲ ಶುರುವಾಗುವ ಮೊದಲು ಮೈಯಲ್ಲಿ ಕ್ಷಯ ಅಡಗಿದೆಯೇ, ಹೆಪಟೈಟಿಸ್ ಬಿ ಇದೆಯೇ ಎಂದು ನೋಡಲೇಬೇಕು, ಏಕೆಂದರೆ ಈ ಔಷಧಗಳು ನಿದ್ರಿಸುತ್ತಿರುವ ಕ್ಷಯವನ್ನು ಎಬ್ಬಿಸಬಲ್ಲವು. ಅಗ್ಗವಾಗಿವೆ ಎಂದರೂ ಕೂಲಿ ನೇಕಾರನ ಮನೆಗೆ ಇವು ಭಾರವೇ. ಆ ಭಾರವೇ ಅನೇಕರನ್ನು ಪುಡಿ, ಬೇರು, ಕಷಾಯಗಳ ಕಡೆಗೆ ತಿರುಗಿಸುತ್ತದೆ.

ತಿರುಗುವುದು ತಪ್ಪಲ್ಲ, ತಿರುಗಿದ್ದನ್ನು ಮುಚ್ಚಿಡುವುದು ತಪ್ಪು. ಗಿಡಮೂಲಿಕೆಯನ್ನು ನಗುತ್ತ ತಳ್ಳಿಹಾಕುವ ವೈದ್ಯರಿಗೂ, ‘ಇದಕ್ಕೆ ಸೈಡ್ ಎಫೆಕ್ಟ್ ಇಲ್ಲ’ ಎಂದು ಮಾರುವವರಿಗೂ ಒಂದೇ ಉತ್ತರವಾಗಿ ನಿಲ್ಲುವ ಉದಾಹರಣೆ ಚೀನಾದಿಂದ ಬಂದಿದೆ, ಮತ್ತು ಅದರ ಒಂದು ಎಳೆ ನಮ್ಮ ನೇಕಾರರ ಊರುಗಳಲ್ಲೇ ಇದೆ.

ಅದಕ್ಕೆ ಬರುವ ಮೊದಲು ಒಂದು ಮಾತು: ಚೀನಾದ ವೈದ್ಯಕ್ಕೂ ಈ ಸೀಮೆಗೂ ಹಳೆಯ ನಂಟೊಂದಿದೆ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ದ್ವಾರಕಾನಾಥ ಕೋಟ್ನಿಸ್ ನೆರೆಯ ಸೊಲ್ಲಾಪುರದವರು; ಕನ್ನಡ, ಮರಾಠಿ, ತೆಲುಗು ಮೂರೂ ಕೇಳುವ, ಮಗ್ಗಗಳ ಊರಿನ ಮಗ. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಬಿಜಯ್ ಕುಮಾರ್ ಬಸು ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು 1959ರಲ್ಲಿ ಅದನ್ನು ಕಲ್ಕತ್ತಕ್ಕೆ ತಂದರು. ಅಕ್ಯುಪಂಕ್ಚರಿನ ಸೂಜಿ ಮತ್ತು ಮಾಕ್ಸಾ ಎಂಬ ಮೂಲಿಕೆಯ ಕಾವು ಎರಡನ್ನೂ ಸೌಮ್ಯ, ಮಧ್ಯಮ ಕ್ರೋನ್ಸ್ ಇದ್ದವರ ಮೇಲೆ ಪ್ರಯೋಗಿಸಿ ಒಂದಷ್ಟು ಗುಣ ಕಂಡದ್ದಾಗಿ ಶಾಂಘೈಯ ವೈದ್ಯರು 2014 ಮತ್ತು 2022ರಲ್ಲಿ ಬರೆದಿದ್ದಾರೆ. ಮಾಕ್ಸಾ ಮಾಡುವುದು ನಮ್ಮ ಹೂಮಾಲೆಗೆ ಪೋಣಿಸುವ ಮಾಚಿಪತ್ರೆಯ ಹತ್ತಿರದ ಸಂಬಂಧಿ ಗಿಡದ ಎಲೆಯಿಂದ. ಔಷಧದ ಜೊತೆಗೆ ನೋವು, ಹೊಟ್ಟೆಯುಬ್ಬರ ತಗ್ಗಿಸಲು ಯಾರಾದರೂ ಇದನ್ನು ಮಾಡಿಸಿಕೊಂಡರೆ ನನ್ನ ಆಕ್ಷೇಪವಿಲ್ಲ. ಔಷಧದ ಬದಲಿಗೆ ಎಂದರೆ ಇದೆ.

ನಿಜವಾದ ಸೋಜಿಗ ಇರುವುದು ಚೀನಾದವರು ಚಿಂಗ್ ದಾಯ್ ಎನ್ನುವ ನೀಲಿ ಪುಡಿಯಲ್ಲಿ. ನೀಲಿ ಗಿಡದ ಎಲೆಗಳನ್ನು ನೀರಲ್ಲಿ ಕೊಳೆಹಾಕಿ, ಸುಣ್ಣ ಬೆರೆಸಿ, ಬಡಿದು ಕಲಕಿ, ಮೇಲೇಳುವ ನೊರೆಯನ್ನೂ ಕೆಳಗಿಳಿಯುವ ಗಸಿಯನ್ನೂ ಸೋಸಿ ಒಣಗಿಸುತ್ತಾರೆ. ನೂಲಿಗೆ ಬಣ್ಣ ಹಾಕುವವರು ಮಾಡುತ್ತಿದ್ದದ್ದೂ ಇದನ್ನೇ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತರುವವರೆಗೆ ದಖ್ಖನ್ನಿನ ನೂಲು ಕಂಡ ನೀಲಿಯೆಲ್ಲ ಗಿಡದ್ದೇ. ನೂಲಿಗೆ ನೀಲಿ ಹಾಕುವುದನ್ನೇ ಕುಲಕಸುಬಾಗಿ ಮಾಡಿದ್ದ ನೀಲಗಾರರು ಹಳೆಯ ಬಿಜಾಪುರ ಜಿಲ್ಲೆಯಲ್ಲೂ ಇದ್ದರು. ಆಯುರ್ವೇದದಲ್ಲಿ ನೀಲಿ ಗಿಡ ಕೂದಲೆಣ್ಣೆಗೆ ಬಳಕೆಯಾಗುತ್ತದೆ. ಚೀನಾ ಮತ್ತು ಜಪಾನಿನಲ್ಲಿ ಅದು ಕರುಳಿನ ಔಷಧವಾಯಿತು.

ಜಪಾನಿನ ಕೇಯೋ ವಿಶ್ವವಿದ್ಯಾಲಯದ ನಗನುಮಾ ಮತ್ತು ಸಂಗಡಿಗರು ಅಲ್ಸರೇಟಿವ್ ಕೊಲೈಟಿಸ್ ಇರುವ 86 ರೋಗಿಗಳನ್ನು ನಾಲ್ಕು ಗುಂಪು ಮಾಡಿ, ಮೂರು ಗುಂಪಿಗೆ ದಿನಕ್ಕೆ ಅರ್ಧ, ಒಂದು, ಎರಡು ಗ್ರಾಂ ನೀಲಿ ಪುಡಿಯನ್ನೂ ಒಂದು ಗುಂಪಿಗೆ ಹುಸಿ ಮಾತ್ರೆಯನ್ನೂ ಎಂಟು ವಾರ ಕೊಟ್ಟರು. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶ: ಹುಸಿ ಮಾತ್ರೆಯಲ್ಲಿ ಶೇ 14ಕ್ಕಿಂತ ಕಡಿಮೆ ಮಂದಿಗೆ ಗುಣ ಕಂಡರೆ, ನೀಲಿ ಪುಡಿಯಲ್ಲಿ ಪ್ರಮಾಣಕ್ಕೆ ತಕ್ಕಂತೆ ಸುಮಾರು ಶೇ 70, 75, 81. ಇನ್ನಾವುದೇ ಹೊಸ ದುಬಾರಿ ಔಷಧ ಹೆಮ್ಮೆಪಡುವ ಅಂಕಿ ಇದು. ಪುಡಿಯಲ್ಲಿರುವ ಇಂಡಿಗೋ, ಇಂಡಿರುಬಿನ್ ಕರುಳಿನ ರಕ್ಷಣಾ ಕೋಶಗಳ ಒಂದು ಗ್ರಾಹಕವನ್ನು ಚುರುಕುಗೊಳಿಸಿ, ಒಳಪದರವನ್ನು ಮಾಗಿಸುವ ಇಂಟರ್‌ಲ್ಯೂಕಿನ್-22 ಎಂಬ ವಸ್ತುವನ್ನು ಹೆಚ್ಚಿಸುತ್ತವೆ. ಹಳಬರು ಕಂಡ ಗುಣ ಸುಳ್ಳಾಗಿರಲಿಲ್ಲ.

ಆದರೆ ಆ ಪ್ರಯೋಗ ಅರ್ಧಕ್ಕೇ ನಿಂತಿತು. ಪ್ರಯೋಗದ ಹೊರಗೆ, ತಾನೇ ಪುಡಿ ಕೊಂಡು ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರಿಗೆ ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ಏರಿದ್ದು ಬೆಳಕಿಗೆ ಬಂತು. ಜಪಾನ್ ಸರ್ಕಾರ 2016ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಇಂಥ ತೊಂದರೆ ಕಂಡವರಲ್ಲಿ ಹಲವರಿಗೆ ಪುಡಿ ನಿಲ್ಲಿಸಿದಾಗ ಆ ಒತ್ತಡ ಇಳಿಯಿತು. ಯಕೃತ್ತಿನ ತೊಂದರೆ, ತಲೆನೋವುಗಳೂ ವರದಿಯಾದವು. ಮೆಟ್ಟಿಲು ಹತ್ತುವಾಗ ಏದುಸಿರು, ಕಾಲಿನ ಬಾವು ಕಾಣಿಸಿಕೊಂಡರೂ ಕರುಳು ಚೆನ್ನಾಗಿದೆಯಲ್ಲ ಎಂದು ಪುಡಿ ಮುಂದುವರಿಸುವ ರೋಗಿಯನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಕೆಲಸ ಮಾಡುವ ವಸ್ತು ಎಲ್ಲಿಯದಾದರೂ ಮೈಯೊಳಗೆ ಏನನ್ನೋ ಬದಲಿಸಿಯೇ ಮಾಡುತ್ತದೆ. ಮೆಸಲಮೀನ್‌ಗೆ ಯಾವ ತಕ್ಕಡಿಯೋ ನೀಲಿ ಪುಡಿಗೂ ಅದೇ ತಕ್ಕಡಿ.

ಆ ತಕ್ಕಡಿಯಲ್ಲಿ ನಮ್ಮ ಬದುವಿನ ಗಿಡವೂ ಒಂದು ತೂಗಿದೆ. ಕಹಿಗೆ ಹೆಸರಾದ ನೆಲಬೇವು ಚೀನೀ ವೈದ್ಯದಲ್ಲೂ ಹೆಸರುವಾಸಿ. ಅದರ ಸಾರವನ್ನು ಚೀನಾ ಮೂಲದ ಕಂಪನಿ ಎಚ್‌ಎಂಪಿಎಲ್-004 ಎಂಬ ಹೆಸರಲ್ಲಿ 224 ರೋಗಿಗಳ ಮೇಲೆ ಪರೀಕ್ಷಿಸಿತು. 2013ರಲ್ಲಿ ಪ್ರಕಟವಾದ ವರದಿಯಲ್ಲಿ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇ 60, ಹುಸಿ ಮಾತ್ರೆಯವರಲ್ಲಿ ಶೇ 40 ಮಂದಿಗೆ ಗುಣ ಕಂಡಿತ್ತು. ಆಸೆ ಚಿಗುರಿತು. ಆದರೆ ದೊಡ್ಡ ಮೂರನೇ ಹಂತದ ಪ್ರಯೋಗ ಗೆಲ್ಲುವ ಲಕ್ಷಣವಿಲ್ಲವೆಂದು 2014ರಲ್ಲಿ ಅದನ್ನು ನಡುವೆಯೇ ನಿಲ್ಲಿಸಲಾಯಿತು. ಸೋಲನ್ನು ಒಪ್ಪಿಕೊಂಡ ಆ ಪ್ರಯೋಗ ನೆಲಬೇವಿಗೆ ಸಲ್ಲಿಸಿದ ಗೌರವವೆಂದೇ ನಾನು ತಿಳಿಯುತ್ತೇನೆ.

ಅರಿಶಿನದ ಫಲ ಇದಕ್ಕಿಂತ ಮೇಲು. 2006ರಲ್ಲಿ ಜಪಾನಿನಲ್ಲಿ, ರೋಗ ಶಾಂತವಾಗಿದ್ದ 89 ಮಂದಿಯಲ್ಲಿ ಕೆಲವರಿಗೆ ಎಂದಿನ ಔಷಧದ ಜೊತೆ ದಿನಕ್ಕೆ ಎರಡು ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ಆರು ತಿಂಗಳಲ್ಲಿ ರೋಗ ಮರುಕಳಿಸಿದವರು ಶೇ 5ಕ್ಕಿಂತ ಕಡಿಮೆ. ಕೊಡದವರಲ್ಲಿ ಶೇ 20. 2015ರ ಇನ್ನೊಂದು ಪ್ರಯೋಗದಲ್ಲಿ ಮೆಸಲಮೀನ್ ಜೊತೆ ಮೂರು ಗ್ರಾಂ ತೆಗೆದುಕೊಂಡ 26 ಮಂದಿಯಲ್ಲಿ 14 ಮಂದಿಯ ರೋಗ ತಿಂಗಳಲ್ಲಿ ಶಮನವಾಯಿತು. ದಿಲ್ಲಿಯ ಏಮ್ಸ್‌ನಲ್ಲಿ 450 ಮಿಲಿಗ್ರಾಂ ಮಾತ್ರ ಕೊಟ್ಟಾಗ ಪ್ರಯೋಜನ ಕಾಣಲಿಲ್ಲ. ಅಡುಗೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು ಮೂರು ಪಾಲು. ಮೂರು ಗ್ರಾಂ ಬೇಕೆಂದರೆ ದಿನಕ್ಕೆ ನೂರು ಗ್ರಾಂ ಅರಿಶಿನ ತಿನ್ನಬೇಕು. ಹಾಲಿಗೆ ಚಿಟಿಕೆ ಹಾಕಿ ಕುಡಿಯುವುದು ಊಟ, ಚಿಕಿತ್ಸೆಯಲ್ಲ. ಈ ಪ್ರಯೋಗಗಳಲ್ಲೆಲ್ಲ ಅರಿಶಿನ ಬಂದದ್ದು ಮೆಸಲಮೀನ್ ಬಳಗದ ಔಷಧಕ್ಕೆ ಜೊತೆಯಾಗಿ ಎಂಬುದನ್ನು ಅರಿಶಿನದ ಮಾತ್ರೆ ಮಾರುವವರು ಹೇಳುವುದಿಲ್ಲ.

ಆಯುರ್ವೇದದಲ್ಲಿ ರಕ್ತಾತಿಸಾರಕ್ಕೆ ಕುಟಜದ ತೊಗಟೆ, ಪಿಚ್ಛಾಬಸ್ತಿ ಎಂಬ ಲೋಳೆಯ ಎನಿಮಾ ಇವೆ. ಕೆಳಕರುಳಿಗೆ ಔಷಧವನ್ನು ನೇರವಾಗಿ ಮುಟ್ಟಿಸಬೇಕೆಂಬ ತಿಳಿವಳಿಕೆ ಆಕ್ಸ್‌ಫರ್ಡಿಗಿಂತ ಬಹಳ ಹಳೆಯದು ಎನ್ನುವುದಕ್ಕೆ ಅದು ಸಾಕ್ಷಿ. ನಾನು ಹೆದರುವುದು ಹೆಸರಿಲ್ಲದ ಪೊಟ್ಟಣಕ್ಕೆ. 2008ರಲ್ಲಿ ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಮಾರಾಟಕ್ಕಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಎರಡೇ ದಿನದಲ್ಲಿ ಪವಾಡ ಮಾಡುವ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆತಿರಬಹುದೆಂಬ ಅನುಮಾನವನ್ನೂ ಯಾವ ವೈದ್ಯರೂ ಬಿಡುವುದಿಲ್ಲ.

ಹಾಗಾದರೆ ಮುಧೋಳದ, ಬೀಳಗಿಯ ರೋಗಿ ಏನು ಮಾಡಬೇಕು? ಎರಡು ಮೂರು ವಾರ ರಕ್ತ ಬಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಾದರೆ, ತೂಕ ಇಳಿದರೆ ಕೊಲೊನೋಸ್ಕೋಪಿ ಬೇಕೇ ಎಂದು ಕೇಳಬೇಕು. ರೋಗ ಪತ್ತೆಯಾದ ಮೇಲೆ ಚೆನ್ನಾಗಿದ್ದಾಗಲೂ ಔಷಧ ಬಿಡಬಾರದು. ಗರ್ಭಿಣಿಗೂ ಹತೋಟಿ ತಪ್ಪಿದ ರೋಗವೇ ಹೆಚ್ಚಿನ ಔಷಧಗಳಿಗಿಂತ ದೊಡ್ಡ ಅಪಾಯ, ನಿಲ್ಲಿಸಬೇಕಾದ ಕೆಲವನ್ನು ವೈದ್ಯರು ಹೇಳುತ್ತಾರೆ. ರೋಗ ಉಲ್ಬಣಿಸಿದಾಗ ಅಗಸಿ ಹಿಂಡಿ, ಹಸಿ ಸೊಪ್ಪು, ದಪ್ಪ ನಾರು ಕೆಲ ದಿನ ಬದಿಗಿರಲಿ, ಶಾಂತವಾದಾಗ ರೊಟ್ಟಿ ಪಲ್ಯಕ್ಕೆ ಮರಳಬಹುದು. ಕರುಳು ಕಿರಿದಾದ ಕ್ರೋನ್ಸ್ ಇದ್ದವರು ಮಾತ್ರ ವೈದ್ಯರನ್ನು ಕೇಳಬೇಕು. ಸಂದುನೋವಿಗೆ ಅಂಗಡಿಯ ಡೈಕ್ಲೋಫೆನಾಕ್ ಬೇಡ, ಅದು ಕರುಳನ್ನು ಕೆರಳಿಸಬಲ್ಲದು. ದೊಡ್ಡ ಕರುಳಿನ ರೋಗ ಎಂಟು ವರ್ಷ ದಾಟಿದವರು ಕ್ಯಾನ್ಸರ್ ತಪಾಸಣೆಗೆ ಮತ್ತೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ಮತ್ತು ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಪ್ರತಿ ಪೊಟ್ಟಣ, ಶೀಶೆ, ಪುಡಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮುಂದೆ ಸುರಿಯಬೇಕು. ಅದನ್ನು ಕಂಡು ಗದರುವ ವೈದ್ಯರು ರೋಗಿಯ ಬಾಯಿ ಮುಚ್ಚಿಸುತ್ತಾರೆ. ಹೆಸರು ಬರೆದುಕೊಳ್ಳುವ ವೈದ್ಯರು ಒಂದು ಯಕೃತ್ತನ್ನೋ ಹೃದಯವನ್ನೋ ಉಳಿಸುತ್ತಾರೆ.

ನೀಲಿ ಪುಡಿಯ ಮೇಲಿನ ಕೆಲಸ ನಿಂತಿಲ್ಲ. ಇಸ್ರೇಲ್ ಮತ್ತು ಗ್ರೀಸ್‌ನಲ್ಲಿ ಅದನ್ನು ಕರ್ಕ್ಯುಮಿನ್ ಜೊತೆ ಸೇರಿಸಿ 42 ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2024ರಲ್ಲಿ ಬಂತು. ಎಂಟು ವಾರಗಳಲ್ಲಿ ಗುರಿ ಮುಟ್ಟಿದವರು ಜೋಡಿ ಔಷಧದಲ್ಲಿ ಶೇ 43, ಹುಸಿ ಮಾತ್ರೆಯಲ್ಲಿ ಶೇ 8. ಇಂಥ ವರದಿಗಳನ್ನು ಓದಿ ಈಗಾಗಲೇ ಪುಡಿ ತರಿಸಿಕೊಂಡವರು ನಮ್ಮ ನಡುವೆ ಇದ್ದರೆ ಅವರು ಇವತ್ತೇ ನಿಲ್ಲಿಸಿ ತಮ್ಮ ವೈದ್ಯರಿಗೆ ಹೇಳಲಿ, ಯಕೃತ್ತಿನ ರಕ್ತಪರೀಕ್ಷೆಯೊಂದನ್ನೂ ಹೃದಯದ ಎಕೋ ಪರೀಕ್ಷೆಯೊಂದನ್ನೂ ಮಾಡಿಸಿಕೊಳ್ಳಲಿ. ಮೆಸಲಮೀನ್ ಮಾತ್ರ ಎಂದಿನಂತೆ ನಡೆಯಲಿ.